ಪಿಟ್ಲೆಸ್ಸಿ ಸಂತೆಯ ಹುಡುಗ: ಡೇವಿಡ್ ವಿಲ್ಕಿಯ ಜಾಡಿನಲ್ಲಿ

ಡೇವಿಡ್ ವಿಲ್ಕಿ ಅಂತ ಹೆಸರು ಹೇಳಿದರೆ ನಮ್ಮವರಲ್ಲಿ ಬಹಳ ಜನಕ್ಕೆ ಏನೂ ಹೊಳೆಯುವುದಿಲ್ಲ. ಆದರೆ ಅವನ ಒಂದು ಚಿತ್ರವನ್ನು ಪುಸ್ತಕದಲ್ಲೋ ಫೋನಿನಲ್ಲೋ ನೋಡಿರುತ್ತಾರೆ. ರಾತ್ರಿ ಹೊತ್ತು, ಕೋಟೆಯ ಬಾಗಿಲು, ಲಾಟೀನಿನ ಬೆಳಕು, ಕೆಳಗೆ ಟಿಪ್ಪುವಿನ ಶವ, ಮೇಲೆ ಎತ್ತರಕ್ಕೆ ನಿಂತ ಬ್ರಿಟಿಷ್ ಸೇನಾಧಿಕಾರಿ ಜನರಲ್ ಬೇರ್ಡ್. ಶ್ರೀರಂಗಪಟ್ಟಣ, 4 ಮೇ 1799. ವಿಲ್ಕಿ ಅದನ್ನು ಮುಗಿಸಿದ್ದು 1839ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ. ಅವನು ಭಾರತಕ್ಕೆ ಕಾಲಿಟ್ಟವನೇ ಅಲ್ಲ.

ನನಗೆ ಬೇಕಾಗಿದ್ದದ್ದು ಅದಕ್ಕೂ ಮುಂಚಿನ ವಿಲ್ಕಿ. ಸ್ಕಾಟ್ಲೆಂಡಿನ ಹಳ್ಳಿ ಪಾದ್ರಿಯ ಮಗ, ಸಂತೆ, ಪಿಟೀಲು, ಜಗಳ, ಬಾಡಿಗೆ ಬಾಕಿ ಇಂಥವನ್ನೇ ಬರೆದು ಇಪ್ಪತ್ತು ಇಪ್ಪತ್ತೊಂದಕ್ಕೆಲ್ಲ ಲಂಡನ್ನಿನಲ್ಲಿ ಮನೆಮಾತಾದ ಹುಡುಗ. ರಾಜರು, ದೇವತೆಗಳು, ಯುದ್ಧಗಳು ಬಿಟ್ಟು ದಿನನಿತ್ಯದ ಜನಜೀವನ ಬರೆಯುವ ಇಂಥ ಚಿತ್ರಕ್ಕೆ ಅಲ್ಲಿ ಆಗ ಅಂಥಾ ಮರ್ಯಾದೆ ಇರಲಿಲ್ಲ. ಅಂಥದ್ದರಲ್ಲಿ ಈ ಹುಡುಗನಿಗೆ ಆ ಕಣ್ಣು ಎಲ್ಲಿಂದ ಬಂತು? ಅಕ್ಕನ ಮಗ ಎಡಿನ್‌ಬರೋದಲ್ಲಿ ಓದುತ್ತಿದ್ದಾನೆ. ಉಳಿದುಕೊಳ್ಳೋಕೆ ಜಾಗ ಇದೆ ಅಂದ. ಹೊರಟೆ.

ಮೊದಲ ದಿನ: ಎಡಿನ್‌ಬರೋ

ವೇವರ್ಲಿ ಸ್ಟೇಷನ್ನಿನಿಂದ ಹೊರಗೆ ಬರುತ್ತಿದ್ದ ಹಾಗೇ ಗಾಳಿ ಮುಖಕ್ಕೆ ಹೊಡೆಯಿತು. ಮೇ ತಿಂಗಳು ಅಂತ ತೆಳ್ಳಗಿನ ಸ್ವೆಟರ್ ಒಂದೇ ಹಾಕಿದ್ದೆ. "ಮಾಮ, ಇಲ್ಲಿ ಬೇಸಿಗೆ ಅಂದ್ರೆ ಇದೇ," ಅಂತ ಹುಡುಗ ತನ್ನ ಜಾಕೆಟ್ ತೆಗೆದು ಕೊಟ್ಟ.

ಮೊದಲು ಹೋಗಿದ್ದು ನಿಕಲ್ಸನ್ ಸ್ಟ್ರೀಟಿಗೆ. ವಿಲ್ಕಿ ವಿದ್ಯಾರ್ಥಿಯಾಗಿದ್ದಾಗ ಬಾಡಿಗೆ ಕೋಣೆ ಹಿಡಿದದ್ದು ಈ ಬೀದಿಯಲ್ಲಿ. ಈಗಲೂ ಇದು ವಿದ್ಯಾರ್ಥಿಗಳ ಬೀದಿಯೇ. ಅಗ್ಗದ ಹೋಟೆಲು, ಹಳೇ ಬಟ್ಟೆ ಅಂಗಡಿ, ಹೆಗಲಿಗೆ ಬ್ಯಾಗ್ ಹಾಕಿಕೊಂಡು ಓಡುವ ಹುಡುಗರು. ವಿಲ್ಕಿಯ ಕೋಣೆ ಯಾವುದು ಅಂತ ಹುಡುಕುವ ಗೋಜಿಗೆ ಹೋಗಲಿಲ್ಲ. ಬೀದಿ ಸಾಕು.

ಅವನು ಇಲ್ಲಿಗೆ ಬಂದದ್ದು 1799ರ ನವೆಂಬರಿನಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ. ಅದೇ ವರ್ಷ ಮೇನಲ್ಲಿ ಶ್ರೀರಂಗಪಟ್ಟಣ ಬಿದ್ದಿತ್ತು. ನಲವತ್ತು ವರ್ಷ ಆದ ಮೇಲೆ ತಾನೇ ಅದನ್ನು ಬರೆಯುತ್ತೇನೆ ಅಂತ ಆ ಹುಡುಗನಿಗೆ ಯಾರಾದರೂ ಹೇಳಿದ್ದರೆ ನಗುತ್ತಿದ್ದ.

ಸೇರಿದ್ದು ಟ್ರಸ್ಟೀಸ್ ಅಕಾಡೆಮಿಗೆ. 1760ರಲ್ಲಿ ಶುರುವಾದ ಈ ಶಾಲೆಯ ಮೂಲ ಉದ್ದೇಶ ಕಲಾವಿದರನ್ನು ತಯಾರು ಮಾಡುವುದಲ್ಲ, ಬಟ್ಟೆ ಮುಂತಾದ ಕೈಗಾರಿಕೆಗಳಿಗೆ ವಿನ್ಯಾಸ ಬರೆಯುವವರನ್ನು ತಯಾರು ಮಾಡುವುದು. ಮೊದಲ ಸಲ ವಿಲ್ಕಿಯ ಚಿತ್ರಗಳನ್ನು ನೋಡಿದ ಕಾರ್ಯದರ್ಶಿ ಜಾರ್ಜ್ ಥಾಮ್ಸನ್, ಇವು ಸಾಲದು ಅಂದುಬಿಟ್ಟರು. ಈ ಥಾಮ್ಸನ್ ಕವಿ ರಾಬರ್ಟ್ ಬರ್ನ್ಸ್ ಕೈಲಿ ಹಾಡು ಬರೆಸಿಕೊಂಡು ಸಂಗ್ರಹ ತಂದವರು, ರುಚಿ ಇಲ್ಲದ ಮನುಷ್ಯರೇನಲ್ಲ. ಕೊನೆಗೆ ವಿಲ್ಕಿಯ ಜಿಲ್ಲೆಯಾದ ಫೈಫ್ ಕಡೆಯ ದೊಡ್ಡ ಮನುಷ್ಯ ಲಾರ್ಡ್ ಲೆವೆನ್ ಒಂದು ಮಾತು ಹೇಳಿದ ಮೇಲೆ ಸೀಟು ಸಿಕ್ಕಿತು. ಶಿಫಾರಸು ಎಲ್ಲ ಕಡೆಯೂ ಇದೆ ಅಲ್ವಾ!

ಮೇಷ್ಟ್ರು ಜಾನ್ ಗ್ರಹಾಂ. ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚು ಇಟ್ಟು ಬರೆಸುತ್ತಿದ್ದರು, ಪುರಾಣ ಇತಿಹಾಸದ ವಿಷಯ ಕೊಟ್ಟು ಸ್ಪರ್ಧೆ ಇಡುತ್ತಿದ್ದರು. 1803ರಲ್ಲಿ ಡಯಾನಾ ದೇವತೆಯ ಸ್ನಾನದ ಕಥೆಯೊಂದನ್ನು ಬರೆದು ವಿಲ್ಕಿ ಹತ್ತು ಗಿನಿ (ಒಂದು ಗಿನಿ ಅಂದರೆ ಪೌಂಡಿಗಿಂತ ಸ್ವಲ್ಪ ಜಾಸ್ತಿ) ಬಹುಮಾನ ಗೆದ್ದ. ಆದರೆ ಮನಸ್ಸು ಅಲ್ಲಿರಲಿಲ್ಲ. ಜೊತೆಗೆ ಓದುತ್ತಿದ್ದ ಜಾನ್ ಬರ್ನೆಟ್ ಬರೆದಿಟ್ಟಿದ್ದಾನೆ: ಸಂತೆ, ಜಾತ್ರೆ, ದನದ ವ್ಯಾಪಾರ, ಎಲ್ಲಿ ಜನ ಸೇರಿದರೂ ವಿಲ್ಕಿ ಅಲ್ಲಿರುತ್ತಿದ್ದ. ಮುಂದೆ ವಿಲ್ಕಿಯ ಚಿತ್ರಗಳನ್ನು ಲೋಹದ ಹಾಳೆಯಲ್ಲಿ ಕೊರೆದು ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದವರಲ್ಲಿ ಈ ಬರ್ನೆಟ್ಟೂ ಒಬ್ಬ.

ಶಾಲೆಯ ದಿನಗಳದ್ದೊಂದು ಕಥೆ ನನಗೆ ಬಹಳ ಇಷ್ಟ. ಪ್ಲಾಸ್ಟರ್ ಪಾದವೊಂದನ್ನು ನೋಡಿ ಬರೆದದ್ದನ್ನು ವಿಲ್ಕಿ ಊರಿಗೆ ಕಳಿಸಿದನಂತೆ. ಚರ್ಚಿನ ಹಿರಿಯರೊಬ್ಬರು ತಿರುಗಿಸಿ ಮುರುಗಿಸಿ ನೋಡಿ, ಇದೇನು ಅಂತ ಕೇಳಿದರಂತೆ. ಕಾಲು ಅಂದಿದ್ದಕ್ಕೆ, "ಕಾಲಾ? ಚಪ್ಪಟೆ ಮೀನಿನ ಹಾಗಿದೆಯಲ್ಲ!" ಅಂದರಂತೆ.

ಮಧ್ಯಾಹ್ನ ಮೌಂಡ್ ಮೇಲಿನ ನ್ಯಾಷನಲ್ ಗ್ಯಾಲರಿಗೆ ಹೋದೆವು. ಟಿಕೆಟ್ ಇಲ್ಲ. ಸ್ಕಾಟಿಷ್ ಕಲೆಗೆ ಅಂತಲೇ 2023ರಲ್ಲಿ ಹೊಸ ಗ್ಯಾಲರಿಗಳನ್ನು ತೆರೆದಿದ್ದಾರೆ. ವಿಲ್ಕಿ ತನ್ನೂರಿನ ಸಂತೆಯನ್ನು ಬರೆದ 'ಪಿಟ್ಲೆಸ್ಸಿ ಫೇರ್' ಮುಂದೆ ನಿಂತಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟು ಚಿಕ್ಕದಾ! ಅಡ್ಡಗಲ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಅದರೊಳಗೆ ಸುಮಾರು 140 ಜನ. ಅಕ್ಕನ ಮಗ ಎಣಿಸಲು ಶುರು ಮಾಡಿ ಅರ್ಧಕ್ಕೆ ಬಿಟ್ಟ. ಊರು ನೋಡಿಕೊಂಡು ಬಂದು ಮತ್ತೆ ನೋಡೋಣ ಅಂತ ಅಲ್ಲಿಂದ ಬೇಗ ಹೊರಟೆವು.

ಎರಡನೇ ದಿನ: ಫೈಫ್, ಪಿಟ್ಲೆಸ್ಸಿ

ಬೆಳಿಗ್ಗೆ ವೇವರ್ಲಿಯಿಂದ ರೈಲು. ಫೋರ್ತ್ ಸೇತುವೆ ಮೇಲೆ ಹೋಗುವಾಗ ಕೆಂಪು ಕಬ್ಬಿಣದ ತೊಲೆಗಳ ಸಂದಿಯಲ್ಲಿ ಸಮುದ್ರ ಹೊಳೆಯುತ್ತಿತ್ತು. ಸೇತುವೆ ಕಟ್ಟಿದ್ದು 1890ರಲ್ಲಿ. ವಿಲ್ಕಿಯ ಕಾಲದಲ್ಲಿ ದೋಣಿಯಲ್ಲೇ ದಾಟಬೇಕು. ಇಷ್ಟೇ ದೂರ, ಆದರೂ ಹದಿನಾಲ್ಕರ ಹುಡುಗನಿಗೆ ನೀರಿನ ಆಚೆ ದಡ ಅಂದರೆ ಪರದೇಶವೇ ಇರಬೇಕು.

ಸುಮಾರು ಒಂದು ಗಂಟೆಗೆ ಕೂಪರ್ ಬಂತು. ಫೈಫ್ ಜಿಲ್ಲೆಯ ಹಳೇ ಪೇಟೆ. ವಿಲ್ಕಿ ಶಾಲೆ ಕಲಿತ ಜಾಗಗಳಲ್ಲಿ ಇದೂ ಒಂದು. ಮೊದಲು ಪಿಟ್ಲೆಸ್ಸಿ, ಆಮೇಲೆ ಕೆಟಲ್, ಆಮೇಲೆ ಇಲ್ಲಿ. ಓದಿನಲ್ಲಿ ಹೇಗಿದ್ದನೋ, ತನಗೆ ಓದಲು ಬರುವ ಮೊದಲೇ ಚಿತ್ರ ಬರೆಯಲು ಬರುತ್ತಿತ್ತು ಅಂತ ಅವನೇ ಹೇಳಿಕೊಳ್ಳುತ್ತಿದ್ದನಂತೆ.

ಕೂಪರಿನಿಂದ ಬಸ್ಸು. ಹತ್ತು ಹನ್ನೆರಡು ನಿಮಿಷದಲ್ಲಿ ಡ್ರೈವರ್ "ಪಿಟ್ಲೆಸ್ಸಿ" ಅಂದ. ಇಳಿದವರು ನಾವಿಬ್ಬರೇ.

ಹಳ್ಳಿ ಅಂದರೆ ರಸ್ತೆ ಪಕ್ಕದ ಸಾಲು ಕಲ್ಲಿನ ಮನೆಗಳು, ಒಂದು ಹೆಂಡದಂಗಡಿ, ಹಿಂದೆ ಹಳೇ ಮಾಲ್ಟ್ ಕಾರ್ಖಾನೆಯ ದೊಡ್ಡ ಕಟ್ಟಡ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಿದ್ದ ಆ ಕಟ್ಟಡದಲ್ಲಿ ಈಗ ಜನ ವಾಸ ಮಾಡುತ್ತಾರೆ. ಆಚೆ ಕಲ್ಟ್ಸ್ ಗುಡ್ಡ, ಸುಣ್ಣದ ಕಲ್ಲು ತೆಗೆದು ತೆಗೆದು ಬಗಲು ಬಿಳಿಚಿಕೊಂಡಿದೆ. ಬೇಲಿಯುದ್ದಕ್ಕೂ ಗೋರ್ಸ್ ಗಿಡದ ಹಳದಿ ಹೂವು. ಒಂದು ನಾಯಿ ನಮ್ಮನ್ನು ನೋಡಿ ಬೊಗಳಿತು. ಮನುಷ್ಯರು ಯಾರೂ ಕಾಣಲಿಲ್ಲ. ಈ ಬೀದಿಯಲ್ಲಿ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಸಂತೆ ನೆರೆಯುತ್ತಿತ್ತು ಅಂದರೆ ನಂಬಲು ಸ್ವಲ್ಪ ಕಷ್ಟವೇ.

ಅಲ್ಲಿಂದ ವಿಲ್ಕಿಯ ಅಪ್ಪ ಪಾದ್ರಿಯಾಗಿದ್ದ ಕಲ್ಟ್ಸ್ ಚರ್ಚಿಗೆ ನಡೆದೇ ಹೋದೆವು. ಹೊಲಗಳ ನಡುವಿನ ರಸ್ತೆ, ಎರಡೂ ಕಡೆ ಎಳೇ ಬಾರ್ಲಿ. ಚರ್ಚು ಕಟ್ಟಿದ್ದು 1793ರಲ್ಲಿ, ಅಂದರೆ ವಿಲ್ಕಿಗೆ ಏಳೆಂಟು ವರ್ಷ. ಹುಡುಗನ ಕಣ್ಣೆದುರೇ ಎದ್ದ ಕಟ್ಟಡ. ಬಣ್ಣ ಬಳಿಯದ ಕಲ್ಲು, ಸುತ್ತ ಗೋರಿಗಳು, ಆಡಂಬರ ಅನ್ನುವುದು ಹೆಸರಿಗೂ ಇಲ್ಲ. ಪ್ರೆಸ್ಬಿಟೇರಿಯನ್ ಪಂಗಡದ ಚರ್ಚುಗಳಲ್ಲಿ ವಿಗ್ರಹವೂ ಇಲ್ಲ, ದೇವರ ಚಿತ್ರವೂ ಇಲ್ಲ. ಇಟಲಿಯ ಹುಡುಗನೊಬ್ಬ ಭಾನುವಾರ ಚರ್ಚಿಗೆ ಹೋದರೆ ಗೋಡೆ ತುಂಬ ಚಿತ್ರ ಕಾಣುತ್ತಿತ್ತು. ಇಲ್ಲಿ ಬರೀ ಗೋಡೆ. ಮತ್ತೆ ನೋಡಲು ಏನಿತ್ತು? ಎದುರು ಬೆಂಚಿನಲ್ಲಿ ಕೂತವರ ಮುಖಗಳು!

ವಿಲ್ಕಿ ನೋಡಿದ್ದೂ ಅದನ್ನೇ. ಅಪ್ಪ, ಅವನ ಹೆಸರೂ ಡೇವಿಡ್ ವಿಲ್ಕಿಯೇ, ಮೇಲೆ ನಿಂತು ಪ್ರವಚನ ಮಾಡುತ್ತಿದ್ದರೆ ಮಗ ಕೆಳಗೆ ಕೂತು ತೂಕಡಿಸುವ ರೈತರ, ಬಾಯಿ ಬಿಟ್ಟು ಕೇಳುವ ಮುದುಕಿಯರ ತಲೆಗಳನ್ನು ಕದ್ದು ಬರೆದುಕೊಳ್ಳುತ್ತಿದ್ದ. ಸಿಕ್ಕಿಬಿದ್ದಾಗ ಕೊಟ್ಟ ಸಮಜಾಯಿಷಿ ನೋಡಿ: ಬರೆಯೋಕೆ ಬೇಕಾಗೋದು ಕಣ್ಣು ಮತ್ತು ಕೈ, ಕಿವಿಯಂತೂ ಖಾಲಿಯೇ ಇತ್ತು, ಪ್ರವಚನ ಪೂರ್ತಿ ಕೇಳಿದ್ದೇನೆ ಅಂದನಂತೆ.

ತಾಯಿ ಇಸಬೆಲ್ಲಾ ಲಿಸ್ಟರ್ ಇದೇ ಪಿಟ್ಲೆಸ್ಸಿಯ ಗಿರಣಿ ಮನೆಯವರು. ಅಂದರೆ ಈ ಊರು ಅವನಿಗೆ ಅಜ್ಜಿ ಮನೆಯೂ ಹೌದು. ಚಿತ್ರ ನೋಡುವಾಗ ಇದು ಮುಖ್ಯ ಅಂತ ನನಗನ್ನಿಸುತ್ತೆ. ಹೊರಗಿನವನು ಸಂತೆಗೆ ಬಂದು ಬರೆದರೆ ಜನ 'ಹಳ್ಳಿಗರು' ಆಗಿಬಿಡುತ್ತಾರೆ. ಇವನಿಗೆ ಯಾರ ಮೂಗು ಯಾರದ್ದು, ಯಾರಿಗೆ ಯಾರನ್ನು ಕಂಡರೆ ಆಗೋದಿಲ್ಲ, ಎಲ್ಲ ಗೊತ್ತಿತ್ತು.

1804ರಲ್ಲಿ ಅಕಾಡೆಮಿ ಮುಗಿಸಿ ಊರಿಗೆ ಬಂದು ಪಾದ್ರಿ ಮನೆಯಲ್ಲೇ ಕೆಲಸ ಶುರು ಮಾಡಿದ. ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್ ಇರಲಿಲ್ಲ. ಬಟ್ಟೆ ಇಡುವ ಬೀರುವಿನ ಡ್ರಾಯರ್ ಒಂದನ್ನು ಅರ್ಧ ಎಳೆದು, ಅದರ ಮೇಲೆ ಒರಗಿಸಿ ಬರೆದ ಅಂತ ಹೇಳುತ್ತಾರೆ. ಮಾಡೆಲ್‌ಗಳಿಗೆ ದುಡ್ಡಿಲ್ಲ, ಮನೆಯವರು ಊರವರೇ ಆದರು. ಅದೇ 'ಪಿಟ್ಲೆಸ್ಸಿ ಫೇರ್'. ವಿಲ್ಕಿಗೆ ಆಗ ಹದಿನೆಂಟು ಹತ್ತೊಂಬತ್ತು.

ಚಿತ್ರದಲ್ಲಿ ಅಪ್ಪನೂ ಇದ್ದಾರೆ. ಪಾದ್ರಿಯನ್ನು ಸಂತೆಯಲ್ಲಿ, ಅದೂ ಹೆಂಡದಂಗಡಿಯವನ ಜೊತೆ ಮಾತಾಡುವ ಹಾಗೆ ನಿಲ್ಲಿಸಿದ್ದು ಮನೆಯಲ್ಲಿ ಮುಜುಗರಕ್ಕಿಟ್ಟುಕೊಂಡಿತಂತೆ. ಯಾರೋ ಬುದ್ಧಿವಂತರು, ಅಯ್ಯೋ, ಅವರು ಅವನಿಗೆ ಕುಡಿತದ ಕೆಡುಕಿನ ಬಗ್ಗೆ ಬುದ್ಧಿ ಹೇಳುತ್ತಿದ್ದಾರೆ ಅಲ್ಲವೇ ಅಂದಮೇಲೆ ಎಲ್ಲರಿಗೂ ಸಮಾಧಾನವಾಯಿತಂತೆ. ಇಂಥ ಸಂದರ್ಭಕ್ಕೆ ಇಂಥವರೊಬ್ಬರು ಪ್ರತಿ ಊರಲ್ಲೂ ಬೇಕು.

ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತೆಗೆದೆವು. ಮಾಮ, ಈ ಊರಲ್ಲಿ ಇದ್ದಿದ್ದರೆ ನಾನೂ ಬೇಜಾರಿಗೆ ಚಿತ್ರ ಬರೀತಿದ್ನೇನೋ ಅಂದ ಹುಡುಗ. ಅಷ್ಟು ಸುಲಭ ಇದ್ದಿದ್ದರೆ!

ಮೂರನೇ ದಿನ: ಮತ್ತೆ ಗ್ಯಾಲರಿ

ಈ ಸಲ ಚಿತ್ರದ ಮುಂದೆ ಗಂಟೆಗಟ್ಟಲೆ ಕೂತೆ.

ಒಂದು ಮಾತು ನಿಜ ಹೇಳಬೇಕು. ಚಿತ್ರದಲ್ಲಿ ಕಸುಬು ಇನ್ನೂ ಎಳಸು. ಬಣ್ಣವೆಲ್ಲ ಒಂದೇ ಕಂದು. ಜನರ ಗುಂಪುಗಳು ಒಂದಕ್ಕೊಂದು ಕೂಡಿಕೊಂಡಿಲ್ಲ, ಹತ್ತಾರು ಸಣ್ಣ ನಾಟಕಗಳು ಒಂದೇ ಬೀದಿಯಲ್ಲಿ ಒಟ್ಟಿಗೆ ನಡೆಯುತ್ತಿವೆ. ಆದರೆ ಯಾವ ಗುಂಪಿನ ಹತ್ತಿರ ಹೋದರೂ ಅಲ್ಲೇನೋ ವ್ಯವಹಾರ ಇದೆ. ಒಂದೂ ಮುಖ ಸುಮ್ನೆ ಜಾಗ ತುಂಬಲು ಬಂದದ್ದಲ್ಲ. ಹೆಸರಾದ ಮೇಲೆ ಒಮ್ಮೆ ಇದನ್ನು ಮತ್ತೆ ನೋಡಿದ ವಿಲ್ಕಿ, ಆಮೇಲೆ ಬರೆದ ಯಾವ ಮೂರು ಚಿತ್ರ ಸೇರಿಸಿದರೂ ಇದರಲ್ಲಿರುವಷ್ಟು ವಿಷಯ ಇಲ್ಲ ಅನ್ನುವ ಅರ್ಥದ ಮಾತು ಹೇಳಿದನಂತೆ. ನಾನೂ ಅವನ ಪಕ್ಷವೇ.

ಇದು ಪೂರ್ತಿ ಅವನ ಸ್ವಂತ ಕಣ್ಣು ಅಂತಲೂ ಹೇಳಲಾಗದು. ಹಿಂದೆ ಇಬ್ಬರು ಮೂವರು ನಿಂತಿದ್ದಾರೆ. ಮೊದಲನೆಯವರು ಫ್ಲಾಂಡರ್ಸಿನ ಡೇವಿಡ್ ಟೆನಿಯರ್ಸ್ ಮತ್ತು ಹಾಲೆಂಡಿನ ಓಸ್ಟಾಡೆ. ಇಬ್ಬರೂ 17ನೇ ಶತಮಾನದವರು, ಹೆಂಡದಂಗಡಿ, ಹಳ್ಳಿ ಹಬ್ಬ, ಕುಣಿತ ಬರೆದವರು. ವಿಲ್ಕಿ ಊರಲ್ಲಿದ್ದಾಗ ಇವರ ಮೂಲ ಚಿತ್ರಗಳು ಎಲ್ಲಿ ಸಿಗಬೇಕು? ಅಚ್ಚಿನ ಪ್ರತಿಗಳು ಮಾತ್ರ ಕೈಗೆ ಬರುತ್ತಿದ್ದವು. ಅಚ್ಚಿನಲ್ಲಿ ಬಣ್ಣ ಇರುವುದಿಲ್ಲ, ಗೆರೆ ಮತ್ತು ನೆರಳು ಇರುತ್ತವೆ. ವಿಲ್ಕಿಯ ಮೊದಲ ಚಿತ್ರಗಳಲ್ಲಿ ಬಣ್ಣ ಬಡವಾಗಿ, ಹಾವಭಾವ ಮಾತ್ರ ಶ್ರೀಮಂತವಾಗಿರೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅಂದಾಜು.

ಇನ್ನೊಬ್ಬರು ಸ್ಕಾಟ್ಲೆಂಡಿನವರೇ ಆದ ಡೇವಿಡ್ ಅಲನ್. ಅಲೋವಾ ಊರಿನವರು, ಗ್ರಹಾಂಗೆ ಮುಂಚೆ ಇದೇ ಟ್ರಸ್ಟೀಸ್ ಅಕಾಡೆಮಿಯಲ್ಲಿ ಮೇಷ್ಟ್ರು. ವಿಲ್ಕಿ ಸೇರುವ ಮೂರು ವರ್ಷ ಮುಂಚೆ, 1796ರಲ್ಲಿ ತೀರಿಕೊಂಡರು. 1795ರಲ್ಲಿ 'ಪೆನ್ನಿ ವೆಡ್ಡಿಂಗ್' ಅಂತ ಒಂದು ಜಲವರ್ಣ ಬರೆದಿದ್ದರು. ಬಡವರ ಮನೆ ಮದುವೆಗೆ ಬಂದವರೆಲ್ಲ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಊಟ, ಹಾಡು, ಕುಣಿತದ ಖರ್ಚು ನಡೆಸುವ ಪದ್ಧತಿ ಅದು, ನಮ್ಮಲ್ಲಿ ಮುಯ್ಯಿ ಮಾಡಿದ ಹಾಗೆ. ಅದೇ ಹೆಸರಿನ ಚಿತ್ರವನ್ನು ವಿಲ್ಕಿ 1818ರಲ್ಲಿ ರಾಜಕುಮಾರನಿಗೆ ಬರೆದುಕೊಟ್ಟ. ಅಲನ್ ಹಾಕಿದ ದಾರಿಯಲ್ಲೇ ನಡೆದರೂ ಅವರಿಗಿಂತ ಬಹಳ ಮುಂದಕ್ಕೆ ಹೋದ. ಅಲನ್‌ನ ಜನ ಮುದ್ದಾಗಿ ಕುಣಿಯುತ್ತಾರೆ. ವಿಲ್ಕಿಯ ಜನ ಕುಣಿಯುತ್ತಲೇ ಪಕ್ಕದವರನ್ನು ಗಮನಿಸುತ್ತಾರೆ.

ಇದೇ ಗ್ಯಾಲರಿಯ ಸಂಗ್ರಹದಲ್ಲಿ 1804ರ ಚಾಮರ್ಸ್-ಬೆಥೂನ್ ಕುಟುಂಬದ ಚಿತ್ರವೂ ಇದೆ. ಗಂಡ, ಹೆಂಡತಿ, ಪುಟ್ಟ ಮಗಳು. ಊರಿನ ಅನುಕೂಲಸ್ಥರಿಂದ ಇಂಥ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸಾಗುತ್ತಿತ್ತು. 'ಪಿಟ್ಲೆಸ್ಸಿ ಫೇರ್' ಅನ್ನು ಹತ್ತಿರದ ಕಿನ್‌ಲಾಕ್‌ನ ಕಿನ್ನಿಯರ್ ಎಂಬ ಜಮೀನುದಾರ 25 ಪೌಂಡಿಗೆ ಕೊಂಡ. ಆ ದುಡ್ಡು ಕಟ್ಟಿಕೊಂಡು 1805ರ ಮೇನಲ್ಲಿ ವಿಲ್ಕಿ ಲೀತ್ ಬಂದರಿನಿಂದ ಲಂಡನ್ ಹಡಗು ಹತ್ತಿದ.

ಆಮೇಲಿನದ್ದು ತಿಳಿಯಲು ಅಲ್ಲೇ ಇರುವ ಇನ್ನೊಂದು ಚಿತ್ರದ ಮುಂದೆ ನಿಲ್ಲಬೇಕು: 1813ರ 'ಲೆಟರ್ ಆಫ್ ಇಂಟ್ರೊಡಕ್ಷನ್'. ಒಬ್ಬ ಮುದುಕ ಸಾಹುಕಾರ ಮೇಜಿನ ಪಕ್ಕ ಕೂತಿದ್ದಾನೆ. ಕಾಗದ ಕೈಯಲ್ಲಿದೆ, ಕಣ್ಣು ಮಾತ್ರ ಕಾಗದ ತಂದ ಹುಡುಗನ ಮೇಲೆ. ಹುಡುಗ ಹೊಸ ಬಟ್ಟೆಯಲ್ಲಿ ಬಿಗಿಯಾಗಿ ನಿಂತಿದ್ದಾನೆ, ಕೈಯನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗುತ್ತಿಲ್ಲ. ಮನೆ ನಾಯಿ ಅವನ ಕಾಲು ಮೂಸುತ್ತಿದೆ, ಅದಕ್ಕೂ ಅನುಮಾನ. ಇದು ವಿಲ್ಕಿಯದ್ದೇ ಕಥೆ. ಲಂಡನ್ನಿಗೆ ಬಂದ ಹೊಸದರಲ್ಲಿ ಕೇಲೆಬ್ ವೈಟ್‌ಫೋರ್ಡ್ ಎಂಬ ಹಿರಿಯರಿಗೆ ಪರಿಚಯದ ಪತ್ರ ಒಯ್ದಿದ್ದ. ಅವರು ವಯಸ್ಸೆಷ್ಟು ಅಂತ ಕೇಳಿದರು. ವಿಲ್ಕಿ ತಡವರಿಸಿದ. ತನ್ನ ವಯಸ್ಸೇ ಗೊತ್ತಿಲ್ಲದವನನ್ನು ನನಗೆ ಪರಿಚಯ ಮಾಡಿಸುತ್ತಾರಲ್ಲ ಅಂತ ಅವರು ಗೊಣಗಿದರಂತೆ. ಅವಮಾನವನ್ನು ಎಂಟು ವರ್ಷ ಇಟ್ಟುಕೊಂಡು ಹೀಗೆ ತೀರಿಸಿಕೊಂಡ. ಅದೂ ಎಷ್ಟು ನಯವಾಗಿ!

"ನಂಗೂ ಮೊದಲ ಇಂಟರ್‌ವ್ಯೂನಲ್ಲಿ ಹೀಗೇ ಆಗಿತ್ತು ಮಾಮ," ಅಂದ ಅಕ್ಕನ ಮಗ.

ಟಿಪ್ಪುವಿನ ಚಿತ್ರದ ಮಾತು ರಾತ್ರಿ ಊಟದ ಹೊತ್ತಿಗೆ ಬಂತು. ಅದೂ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದ್ದೇ. ಬೇರ್ಡ್ ತೀರಿಕೊಂಡ ಮೇಲೆ ಅವನ ಹೆಂಡತಿ ಬರೆಸಿದ್ದು, ಎತ್ತರ ಮೂರು ಮೀಟರಿಗೂ ಜಾಸ್ತಿ. ಫೋನಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದೆವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆ ಸಿಕ್ಕ ಬೇರ್ಡ್ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. ಅದೇ ಯುದ್ಧದ ಗೋಡೆ ಚಿತ್ರ ನಮ್ಮ ದರಿಯಾ ದೌಲತ್‌ನಲ್ಲಿದೆ, ಮೈಸೂರಿನ ಕಡೆಯಿಂದ ಬರೆದದ್ದು, ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತೇವೆ. ವಿಲ್ಕಿಯ ದೊಡ್ಡ ಚಿತ್ರದಲ್ಲಿ ಬೆಳಕು ಅದ್ಭುತ, ಆದರೆ ಬೇರ್ಡ್ ರಂಗಮಂದಿರದ ನಾಯಕನ ಹಾಗೆ ನಿಂತಿದ್ದಾನೆ. ಸುತ್ತಲಿನ ನಮ್ಮವರ ಮುಖಗಳು ಯಾರ ಮುಖವೂ ಅಲ್ಲ. ಪಿಟ್ಲೆಸ್ಸಿಯಲ್ಲಿ ಒಬ್ಬೊಬ್ಬರ ಮೂಗೂ ಗೊತ್ತಿದ್ದವನು ಇಲ್ಲಿ ಕೇಳಿದ್ದನ್ನು ಬರೆದಿದ್ದಾನೆ. ಟಿಪ್ಪುವನ್ನು ಹೀಗೆ ಬೇರ್ಡ್‌ನ ಕಾಲಡಿ ಮಲಗಿಸಿದ್ದು ನನಗೆ ಹಿತವೆನಿಸಲಿಲ್ಲ ಅನ್ನೋದು ಬೇರೆ ಮಾತು. ಕಲೆಯ ಲೆಕ್ಕದಲ್ಲಿ ನೋಡಿದರೂ 25 ಪೌಂಡಿನ ಚಿತ್ರವೇ ಗಟ್ಟಿ.

ನಾಲ್ಕನೇ ದಿನ: ಲಂಡನ್

ಬೆಳಗಿನ ಮೊದಲ ರೈಲು. ನಾಲ್ಕೂವರೆ ಗಂಟೆಯಲ್ಲಿ ಕಿಂಗ್ಸ್ ಕ್ರಾಸ್. ಅರ್ಧ ದಾರಿ ನಿದ್ದೆ.

ಟೇಟ್ ಬ್ರಿಟನ್‌ನಲ್ಲಿ 'ಬ್ಲೈಂಡ್ ಫಿಡ್ಲರ್' ನೋಡಲೇಬೇಕಿತ್ತು. 1806ರದ್ದು. ಕುರುಡ ಪಿಟೀಲು ನುಡಿಸುವವನೊಬ್ಬ ಹೆಂಡತಿ ಮಕ್ಕಳ ಜೊತೆ ಬಡವರ ಮನೆಗೆ ಬಂದು ನುಡಿಸುತ್ತಿದ್ದಾನೆ. ಮನೆಯ ಯಜಮಾನ ಚಿಟಿಕೆ ಹೊಡೆದು ಮಗುವನ್ನು ನಗಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ತುಂಟ, ಒಲೆ ಊದುವ ತಿದಿಯನ್ನು ಪಿಟೀಲಿನ ಹಾಗೆ ಹಿಡಿದು ಅಣಕ ಮಾಡುತ್ತಿದ್ದಾನೆ. ಪಿಟೀಲಿನವನ ಸಂಸಾರ ಮಾತ್ರ ನಗುತ್ತಿಲ್ಲ. ಅವರಿಗದು ದಿನಾ ಕೇಳುವ ಹಾಡು, ಹೊಟ್ಟೆಪಾಡು.

ಇದನ್ನು ಬರೆಸಿದವರು ಸರ್ ಜಾರ್ಜ್ ಬೋಮಾಂಟ್. ಐವತ್ತು ಗಿನಿ ಕೊಟ್ಟು ಕೊಂಡು, ಮುಂದೆ 1826ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ದಾನ ಮಾಡಿದರು. ವಿಲ್ಕಿಗೆ ಹತ್ತಿರದಿಂದ ನೋಡಲಿ ಅಂತ ಒಂದು ಟೆನಿಯರ್ಸ್ ಚಿತ್ರವನ್ನೂ ಎರವಲು ಕೊಟ್ಟಿದ್ದರು. ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. 'ಪಿಟ್ಲೆಸ್ಸಿ'ಯ ಒರಟು ಕಂದು ಇಲ್ಲಿ ಬೆಳ್ಳಿ ಬೂದು ಆಗಿದೆ, ಜನ 140ರಿಂದ ಹತ್ತು ಹನ್ನೆರಡಕ್ಕೆ ಇಳಿದಿದ್ದಾರೆ, ಎಲ್ಲರೂ ಒಂದೇ ಹಾಡಿಗೆ ಕಟ್ಟುಬಿದ್ದಿದ್ದಾರೆ. ಅಚ್ಚಿನಲ್ಲಿ ಕಲಿತದ್ದಕ್ಕೂ ಮೂಲ ನೋಡಿ ಕಲಿತದ್ದಕ್ಕೂ ಇರುವ ಅಂತರ ಇದು.

ಸಂಜೆ ಸಾಮರ್ಸೆಟ್ ಹೌಸ್. ಕಲಾವಿದರ ದೊಡ್ಡ ಸಂಸ್ಥೆ ರಾಯಲ್ ಅಕಾಡೆಮಿ ಆಗ ಇದ್ದದ್ದು ಇಲ್ಲೇ. ವಿಲ್ಕಿ ಓದಿದ್ದೂ ಇಲ್ಲೇ. ಸುರುಳಿ ಮೆಟ್ಟಿಲು ಏದುಸಿರು ಬಿಟ್ಟುಕೊಂಡು ಹತ್ತಿದರೆ ಮೇಲೆ ಗ್ರೇಟ್ ರೂಂ. ವರ್ಷದ ಪ್ರದರ್ಶನ ನಡೆಯುತ್ತಿದ್ದ ಕೋಣೆ ಅದು, ಈಗ ಕೋರ್ಟಾಲ್ಡ್ ಗ್ಯಾಲರಿಯ ಭಾಗ. ಇಲ್ಲಿ ಮಾತ್ರ ಟಿಕೆಟ್ ತಗೋಬೇಕು. 1806ರಲ್ಲಿ ಇಲ್ಲಿಟ್ಟ 'ವಿಲೇಜ್ ಪಾಲಿಟಿಷಿಯನ್ಸ್' ಮುಂದೆ ಜನ ಮುತ್ತಿಕೊಂಡರು. ಹೆಂಡದಂಗಡಿಯಲ್ಲಿ ಪೇಪರ್ ಹಿಡಿದುಕೊಂಡು ಮೇಜು ಗುದ್ದಿ ರಾಜಕೀಯ ಮಾತಾಡುವ ಹಳ್ಳಿಗರು! ಹೆಕ್ಟರ್ ಮ್ಯಾಕ್‌ನೀಲ್ ಎಂಬ ಕವಿಯ ಲಾವಣಿಯಿಂದ ಹೊಳೆದ ವಿಷಯ. ಅದಕ್ಕೆ ಕೆಲವೇ ತಿಂಗಳು ಮುಂಚೆ ಊರಿನಿಂದ ತಂದ ಚಿತ್ರವೊಂದನ್ನು ಅಂಗಡಿ ಕಿಟಕಿಯಲ್ಲಿಟ್ಟು ಆರು ಪೌಂಡಿಗೆ ಮಾರಿದ್ದ ಹುಡುಗ ಇವನು. 'ವಿಲೇಜ್ ಪಾಲಿಟಿಷಿಯನ್ಸ್'ಗೆ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಬೆಲೆ ಕೇಳಿದಾಗ ಹದಿನೈದು ಗಿನಿ ಅಂದಿದ್ದ. ಪ್ರದರ್ಶನದಲ್ಲಿ ಗದ್ದಲವೆದ್ದ ಮೇಲೆ ಕೊನೆಗೆ ಸಿಕ್ಕಿದ್ದು ಮೂವತ್ತು.

ಪೇಪರಿನಲ್ಲಿ ಹೊಗಳಿಕೆ ಬಂದ ದಿನ ಗೆಳೆಯ ಬೆಂಜಮಿನ್ ಹೇಡನ್ ಅದನ್ನು ಹಿಡಿದುಕೊಂಡು ವಿಲ್ಕಿಯ ಕೋಣೆಗೆ ಓಡಿಬಂದ. ನಿಜವಾಗಿಯೂ ಪೇಪರಲ್ಲಿ ಬಂದಿದೆಯಾ ಅಂತ ವಿಲ್ಕಿ ಕೇಳಿದ. ಆಮೇಲೆ ಅವರಿಬ್ಬರೂ, ಇನ್ನೊಬ್ಬ ಗೆಳೆಯ ಜಾಕ್ಸನ್ನೂ ಕೈ ಕೈ ಹಿಡಿದು ಸುಸ್ತಾಗುವವರೆಗೆ ಮೇಜಿನ ಸುತ್ತ ಕುಣಿದರು ಅಂತ ಹೇಡನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರುವರ್ಷ ಆಗಲೇ ಹೆಸರಾಗಿದ್ದ ಚಿತ್ರಕಾರ ಟರ್ನರ್‌ನಂಥವನೂ ಕಮ್ಮಾರನ ಅಂಗಡಿಯ ಜಗಳವೊಂದನ್ನು ಬರೆದು ಇದೇ ಕೋಣೆಯಲ್ಲಿಟ್ಟ. ವಿಲ್ಕಿಗೆ ಪೈಪೋಟಿ ಕೊಡಲೆಂದೇ ಬರೆದದ್ದು ಅಂತ ಬಲ್ಲವರು ಹೇಳುತ್ತಾರೆ. ಪಾದ್ರಿ ಮನೆಯ ಬೀರುವಿನ ಮುಂದಿನಿಂದ ಇಲ್ಲಿಗೆ ಬರಲು ಹುಡುಗನಿಗೆ ಎರಡೇ ವರ್ಷ ಸಾಕಾಯಿತು.

'ವಿಲೇಜ್ ಪಾಲಿಟಿಷಿಯನ್ಸ್' ಮಾತ್ರ ನೋಡಲು ಸಿಗಲಿಲ್ಲ. ಅದು ಇಂದಿಗೂ ಮ್ಯಾನ್ಸ್‌ಫೀಲ್ಡ್ ಮನೆತನದವರ ಹತ್ತಿರ, ಸ್ಕಾಟ್ಲೆಂಡಿನ ಪರ್ತ್ ಬಳಿಯ ಸ್ಕೂನ್ ಅರಮನೆಯ ಸಂಗ್ರಹದಲ್ಲಿದೆ. ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. ಹೀಗೆ ಮುಖ್ಯವಾದದ್ದು ಇಲ್ಲೇ ಹತ್ತಿರ ಇದ್ದರೂ ಲಂಡನ್ನಿಗೆ ಓಡಿದ್ರಲ್ಲ ಮಾಮ ಅಂತ ನಕ್ಕ. ಅಕ್ಟೋಬರಿನಲ್ಲಿ ಬಂದರೆ ತಾನೇ ಕರೆದುಕೊಂಡು ಹೋಗುತ್ತಾನಂತೆ, ಜಾಕೆಟ್ ಮಾತ್ರ ನಾನೇ ತರಬೇಕಂತೆ.